ಐರ್ಲೆಂಡಿನ ಸಂಸತ್ತು ಕೊಂಡ ಚನ್ನಕೇಶವಯ್ಯ

ಚನ್ನಕೇಶವಯ್ಯನವರಿಗೆ ಐರ್ಲೆಂಡಿನ ಸಂಸತ್ತನ್ನು ನಾನು ಐವತ್ತು ರೂಪಾಯಿಗೆ ಮಾರಿದೆ. ತೂಕಕ್ಕೆ ಹಾಕಿದ್ದರೆ ಅದರ ಅರ್ಧವೂ ಆಗುತ್ತಿರಲಿಲ್ಲ. ಒಂದು ಕಾನ್ವೆಂಟಿನವರು ತಮ್ಮ ಪುಸ್ತಕದ ಕೋಣೆ ಖಾಲಿ ಮಾಡಿದಾಗ ಬಸವೇಶ್ವರನಗರದ ನನ್ನ ಹಳೇ ಪೇಪರ್ ಅಂಗಡಿಗೆ ಆ ದಪ್ಪ ಸಂಪುಟಗಳು ಮೂಟೆಯಲ್ಲಿ ಬಂದಿದ್ದವು. ಐರ್ಲೆಂಡ್ ಎಂಬ ದೇಶದ ಸಂಸತ್ತಿನಲ್ಲಿ ಯಾರು ಏನು ಕೇಳಿದರು, ಯಾವ ಮಂತ್ರಿ ಏನು ಉತ್ತರ ಕೊಟ್ಟ ಎಂಬುದರ ಅಚ್ಚಾದ ವರದಿಗಳು. ರಟ್ಟು ಗಟ್ಟಿಯಾಗಿತ್ತು, ಕಾಗದ ಒಳ್ಳೆಯದಿತ್ತು. ಪೊಟ್ಟಣ ಕಟ್ಟುವವರಿಗೆ ಕೊಡೋಣವೆಂದು ಪಕ್ಕಕ್ಕೆ ಇಟ್ಟಿದ್ದೆ. ಮನೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕಲು ಬಂದ ಚನ್ನಕೇಶವಯ್ಯನವರು ಒಂದು ಸಂಪುಟ ಬಿಚ್ಚಿ, ಒಂದು ಕಾಲನ್ನು ಚಪ್ಪಲಿಯಿಂದ ಹೊರಗಿಟ್ಟು, ನಿಂತಲ್ಲೇ ಓದತೊಡಗಿದರು. ಬೇಕು ಎನ್ನುವುದು ಗಿರಾಕಿಯ ಮುಖದಲ್ಲಿ ಕಂಡ ಮೇಲೆ ನಾನು ಸುಮ್ಮನಿರುವವನಲ್ಲ. ಮೂವತ್ತಕ್ಕೆ ಇಳಿಯುವ ಲೆಕ್ಕದಲ್ಲಿ ಐವತ್ತು ಎಂದೆ. ಅವರು ಒಂದು ಮಾತೂ ಆಡದೆ ತೆಗೆದು ಕೊಟ್ಟರು. ಚೌಕಾಸಿ ಮಾಡದ ಗಿರಾಕಿ ಬಂದರೆ ನನಗೆ ಆ ದಿನ ಊಟ ರುಚಿಸುವುದಿಲ್ಲ.

ಅಂಥದ್ದೇನಿದೆ ಸಾರ್ ಇದರಲ್ಲಿ ಎಂದು ಕೇಳಿದೆ.

"ಅಲ್ಲೂ ಡಾಕ್ಟ್ರಿಲ್ಲದ ಆಸ್ಪತ್ರೆ, ಬಾರದ ಪಿಂಚಣಿ, ನಿಲ್ಲದ ಬಸ್ಸು. ಮಂತ್ರಿ ಹೇಳೋ ಉತ್ತರಾನೂ ನಮ್ಮವರದ್ದೇ. ಆದ್ರೆ ಈ ಜನ ಬಿಡಲ್ಲ ಗಂಗಾಧರಪ್ಪ, ಇನ್ನೊಂದ್ಸಲ ಕೇಳ್ತಾರೆ."

ಚನ್ನಕೇಶವಯ್ಯನವರು ನಮ್ಮ ವಿಧಾನಸಭೆಯಲ್ಲಿ ಶೀಘ್ರಲಿಪಿ ವರದಿಗಾರರಾಗಿ ನಿವೃತ್ತರಾದವರು. ಸದಸ್ಯರು ಎದ್ದು ನಿಂತು ಕೂಗಾಡುವಾಗ ಕೆಳಗಿನ ಮೇಜಿನಲ್ಲಿ ತಲೆ ತಗ್ಗಿಸಿ ಕೂತು, ಒಂದು ಮಾತೂ ತಪ್ಪದಂತೆ ಗೆರೆ ಗೆರೆಯಾಗಿ ಬರೆದುಕೊಳ್ಳುವ ಕೆಲಸ. ಕೆಲಸ ಬಿಟ್ಟರೂ ಕೈ ಬಿಟ್ಟಿರಲಿಲ್ಲ. ಯಾರಾದರೂ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡಿದರೆ ಅವರ ಬಲಗೈ ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡು ತೊಡೆಯ ಮೇಲೆ ಓಡಾಡಲು ಶುರುವಾಗುತ್ತಿದ್ದವು. ತರಕಾರಿ ಗಾಡಿಯವನು ಬೆಲೆ ಹೇಳುತ್ತಿದ್ದರೂ ಅಷ್ಟೇ, ಮದುವೆ ಮನೆಯಲ್ಲಿ ಪುರೋಹಿತರು ಮಂತ್ರ ಹೇಳುತ್ತಿದ್ದರೂ ಅಷ್ಟೇ. ಅವರ ಹೆಂಡತಿ ರತ್ನಮ್ಮನವರು ಇದನ್ನು ಆಡಿಕೊಳ್ಳದ ದಿನವಿಲ್ಲ. "ಮದುವೆಯಾದ ಹೊಸದ್ರಲ್ಲಿ ನಾನು ಮಾತಾಡಿದ್ರೆ ಸಾಕು, ಇವರ ಕೈ ಕುಣಿಯೋದು. ನನ್ ಮೇಲೆ ಎಷ್ಟು ಪ್ರೀತಿ ಅನ್ಕೊಂಡಿದ್ದೆ" ಎನ್ನುತ್ತಿದ್ದರು. ಚನ್ನಕೇಶವಯ್ಯನವರು ನಗುತ್ತಿರಲಿಲ್ಲ. ನಕ್ಕರೆ ಮುಂದಿನ ಮಾತು ತಪ್ಪಿಹೋದೀತು ಎಂಬಂತೆ ಇರುತ್ತಿದ್ದರು.

ರತ್ನಮ್ಮನವರಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಒಂದು ಇಂಜೆಕ್ಷನ್, ಬಲಗಾಲಿನ ಹುಣ್ಣಿಗೆ ಎರಡು ದಿನಕ್ಕೊಮ್ಮೆ ಪಟ್ಟಿ. ಎರಡಕ್ಕೂ ಅವರು ನಮ್ಮ ಬೀದಿಯ ಸರ್ಕಾರಿ ದವಾಖಾನೆಗೆ ಹೋಗುತ್ತಿದ್ದರು. ದವಾಖಾನೆ ಎಂದರೆ ದೊಡ್ಡದೇನಲ್ಲ, ಒಂದು ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಹಿಡಿದದ್ದು. ಒಬ್ಬ ಸಿಸ್ಟರ್, ವಾರದಲ್ಲಿ ಕೆಲವು ದಿನ ಬರುವ ಡಾಕ್ಟರು, ಹೊರಗೆ ಒಂದು ಬೆಂಚು. ಗೋಡೆ ಹಿಡಿದುಕೊಂಡೇ ಹೋಗಿಬರಬಹುದಾದಷ್ಟು ಹತ್ತಿರ. ಬೀದಿಯ ಮುದುಕರಿಗೆ, ಬಸುರಿಯರಿಗೆ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರಿಗೆ ಅದೇ ಗತಿ.

ಆ ದವಾಖಾನೆಯನ್ನು ಎತ್ತಿ ಅತ್ತಿಗುಪ್ಪೆಯ ಆಚೆಗಿನ ಆಸ್ಪತ್ರೆಗೆ ಸೇರಿಸುತ್ತಾರೆಂಬ ಸುದ್ದಿ ಬಂತು. ಮನೆ ಮಾಲೀಕನಿಗೆ ಹೆಚ್ಚು ಬಾಡಿಗೆ ಕೊಡುವ ಬೇಕರಿಯವನು ಸಿಕ್ಕಿದ್ದ, ಆರೋಗ್ಯ ಇಲಾಖೆಗೂ ಒಂದು ಖರ್ಚು ಕಡಿಮೆಯಾಗುತ್ತಿತ್ತು. ಅತ್ತಿಗುಪ್ಪೆಗೆ ನಮ್ಮ ಕಡೆಯಿಂದ ಎರಡು ಬಸ್ಸು. ಹುಣ್ಣಿನ ಕಾಲಿನಲ್ಲಿ ದಿನಾ ಎರಡೆರಡು ಬಸ್ಸು ಹತ್ತಿ ಇಳಿಯುವುದು ರತ್ನಮ್ಮನವರಿಂದ ಆಗದ ಮಾತು ಎಂಬುದು ಇಡೀ ಬೀದಿಗೆ ಗೊತ್ತಿತ್ತು.

ನಾನು ಉಲ್ಲಾಳದಿಂದ ಬರಿಗೈಯಲ್ಲಿ ಬಂದು, ಸೈಕಲ್ಲಿನ ಹಿಂದೆ ತಕ್ಕಡಿ ಕಟ್ಟಿಕೊಂಡು ಬೀದಿ ಬೀದಿ ಕೂಗಿ ಅಂಗಡಿ ಮಾಡಿದವನು. ಯಾವ ಕೆಲಸ ಯಾರ ಹತ್ತಿರ ಹೇಗೆ ಆಗುತ್ತದೆ ಎಂಬುದು ನನಗೆ ಗೊತ್ತು. ಮಾಲೀಕನನ್ನು ಕಂಡು ಮಾತಾಡಿದೆ. ಬಾಡಿಗೆ ಸ್ವಲ್ಪ ಏರಿಸಿದರೆ ಇರಲಿ ಎಂದ. ಇಲಾಖೆ ಕೊಡುವುದರ ಮೇಲೆ ಬೀದಿಯ ಮನೆಗಳವರು ಸೇರಿಸಿ ಹಾಕಿದರೆ ಆಯಿತು, ಮುಚ್ಚುವುದಕ್ಕೆ ಇಲಾಖೆಗೂ ನೆಪ ಉಳಿಯುವುದಿಲ್ಲ ಎಂದು ಚನ್ನಕೇಶವಯ್ಯನವರಿಗೆ ಹೇಳಿದೆ. ಅವರು ಒಪ್ಪಲಿಲ್ಲ.

"ನಾವು ದುಡ್ಡು ಹಾಕಿದ್ರೆ ಅದು ನಮ್ಮ ಧರ್ಮ ಆಯ್ತು. ಧರ್ಮ ಮಾಡೋನು ನಾಳೆ ಬೇಜಾರಾಗಿ ನಿಲ್ಲಿಸ್ತಾನೆ. ದವಾಖಾನೆ ನಡೆಸ್ತೀವಿ ಅಂತ ಸರ್ಕಾರದ ಬಾಯಿಂದ ಬರಬೇಕು. ಕೇಳಿ ತಗೋಬೇಕು ಅದನ್ನ, ಕೊಂಡ್ಕೊಂಡಲ್ಲ."

ನಾನು ವಾದ ಮಾಡಿದೆ. ಮೊದಲು ಅಮ್ಮನವರ ಕಾಲು ನೋಡಿ ಸಾರ್, ಆಮೇಲೆ ಸರ್ಕಾರ ಎಂದೆ. ಆ ಮಾತಿಗೆ ಅವರು, ಅವಳೊಬ್ಬಳ ಕಾಲಲ್ಲ ಗಂಗಾಧರಪ್ಪ ಎಂದರು. ಅವರು ಹೇಳಿದ್ದು ತಪ್ಪು ಎಂದು ಇವತ್ತೂ ನಾನು ಹೇಳಲಾರೆ. ಸರಿ ಎನ್ನಲೂ ಮನಸ್ಸು ಬರುವುದಿಲ್ಲ.

ಬಡಾವಣೆಯ ಸಂಘದವರು ಇಲಾಖೆಯ ಅಧಿಕಾರಿಯೊಬ್ಬರನ್ನು ಸಭೆಗೆ ಕರೆಸುವುದೆಂದು ನಿಶ್ಚಯವಾಯಿತು. ಅವತ್ತಿನಿಂದ ದಿನಾ ಸಾಯಂಕಾಲ ನನ್ನ ಅಂಗಡಿಯ ಮುಂದೆ ಐರ್ಲೆಂಡಿನ ಸಂಸತ್ತು ಸೇರತೊಡಗಿತು. ಕಟ್ಟಿಟ್ಟ ಪೇಪರ್ ಬಂಡಲ್ಲುಗಳೇ ಆಸನ. ಆ ದೇಶದಲ್ಲಿ ಸದಸ್ಯರನ್ನು ಡೆಪ್ಯೂಟಿ ಎಂದು ಕರೆಯುತ್ತಾರಂತೆ. ಹಾಗಾಗಿ ಅವರು ಡೆಪ್ಯೂಟಿ, ನಾನು ಆರೋಗ್ಯ ಮಂತ್ರಿ. ಸಂಪುಟದಲ್ಲಿದ್ದ ಒಂದು ಹಳ್ಳಿಯ ಆಸ್ಪತ್ರೆಯ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ನಮ್ಮ ಬೀದಿಗೆ ಹೊಂದಿಸಿಕೊಂಡು ಕೇಳುತ್ತಿದ್ದರು. ಉತ್ತರ ಹೇಳುವುದು ನನಗೆ ಕಷ್ಟವಾಗಲಿಲ್ಲ. ದುಡ್ಡು ಕೇಳಲು ಬಂದವರಿಗೆ ಇಂಥದ್ದನ್ನು ಎಷ್ಟು ವರ್ಷದಿಂದ ಹೇಳಿಲ್ಲ! ವಿಷಯ ಪರಿಶೀಲನೆಯಲ್ಲಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದುಬಿಡುತ್ತಿದ್ದೆ. ಅವರು ತಲೆಯಾಡಿಸಿ, ಮಂತ್ರಿಗಳ ಹುಟ್ಟುಗುಣ ನಿಮಗಿದೆ ಎನ್ನುತ್ತಿದ್ದರು. ಅಷ್ಟಾದ ಮೇಲೆ ಅವರ ಉಪಪ್ರಶ್ನೆ ಬರುತ್ತಿತ್ತು. ಮೊದಲನೆಯ ಉತ್ತರ ಕೇಳಿ ಅಲ್ಲೇ ಎಸೆಯುವ ಎರಡನೆಯ ಪ್ರಶ್ನೆ ಅದು.

"ಪರಿಶೀಲನೆ ಮುಗಿಯೋವರೆಗೂ ಮುಚ್ಚಲ್ಲ ಅಂತ ಮಂತ್ರಿಗಳು ಹೇಳ್ತಾರಾ? ಹೌದೋ ಅಲ್ವೋ?"

ಇಲ್ಲಿ ನಾನು ಸಿಕ್ಕಿಕೊಳ್ಳುತ್ತಿದ್ದೆ. ಹೌದು ಎಂದರೆ ಕಟ್ಟಿಬಿದ್ದೆ, ಅಲ್ಲ ಎಂದರೆ ಜನರೆದುರು ಕೆಟ್ಟೆ. ಎಷ್ಟು ಸಲ ಆಡಿದರೂ ಅಲ್ಲಿಂದ ಜಾರಲು ನನಗೆ ದಾರಿ ಸಿಗಲಿಲ್ಲ. ನನ್ನಂಥವನಿಗೇ ಸಿಗದಿದ್ದರೆ ಆ ಅಧಿಕಾರಿಗೆ ಎಲ್ಲಿಂದ ಸಿಗಬೇಕು ಎಂದು ನನಗೆ ಧೈರ್ಯ ಬಂದಿತ್ತು. ಒಂದು ದಿನ ರತ್ನಮ್ಮನವರೂ ಕುಂಟುತ್ತಾ ಬಂದು ಬಂಡಲ್ಲಿನ ಮೇಲೆ ಕೂತು ಕೇಳಿದರು. ಆಟ ಮುಗಿದ ಮೇಲೆ, "ಆ ದೇಶದಲ್ಲಿ ಹೆಂಡ್ತೀರಿಗೆ ಪ್ರಶ್ನೆ ಕೇಳೋಕೆ ಟೈಮ್ ಇದ್ಯಂತಾ?" ಎಂದು ಗಂಡನನ್ನು ಕೇಳಿದರು. "ಇದೆ" ಎಂದರು ಅವರು. "ಹಂಗಾರೆ ಬೇಳೆ ತರೋಕೆ ಯಾವಾಗ್ ಹೋಗ್ತೀರಿ? ಪರಿಶೀಲನೆ ಗಿರಿಶೀಲನೆ ಬೇಡ." ಅವತ್ತು ಮಾತ್ರ ಚನ್ನಕೇಶವಯ್ಯನವರು ನಕ್ಕಿದ್ದನ್ನು ನೋಡಿದೆ.

ಸಭೆಯಲ್ಲಿ ಗದ್ದಲವಾದರೆ ಅಧಿಕಾರಿ ಎದ್ದುಹೋಗಲು ನೆಪ ಸಿಗುತ್ತದೆ, ಆದ್ದರಿಂದ ಒಂದು ವಿಷಯಕ್ಕೆ ಒಬ್ಬರೇ ಮಾತಾಡಬೇಕು, ಅದೂ ಅಧ್ಯಕ್ಷರ ಅನುಮತಿ ಪಡೆದು ಎಂಬ ನಿಯಮವನ್ನು ಅವರೇ ಸಂಘಕ್ಕೆ ಹೇಳಿ ನಿರ್ಣಯ ಮಾಡಿಸಿದರು. ದವಾಖಾನೆಯ ವಿಷಯಕ್ಕೆ ಅವರ ಹೆಸರೇ ನಿಶ್ಚಯವಾಯಿತು. ಬೇರೆ ಯಾರಿಗೆ ಆ ಯೋಗ್ಯತೆ ಇತ್ತು?

ಸಭೆ ನಡೆದದ್ದು ಭಾನುವಾರ ಬೆಳಗ್ಗೆ, ಬಡಾವಣೆಯ ಶಾಲೆಯ ಕೋಣೆಯಲ್ಲಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತಿದ್ದೆವು. ರತ್ನಮ್ಮನವರು ಕಾಲು ನೋವೆಂದು ಬಂದಿರಲಿಲ್ಲ. ಅಧಿಕಾರಿ ಸಭ್ಯ ಮನುಷ್ಯ, ಎಲ್ಲರಿಗೂ ಕೈ ಮುಗಿದು ಕೂತರು. ಚನ್ನಕೇಶವಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಜೇಬಿನಲ್ಲಿ ಪೆನ್ಸಿಲು, ಕೈಯಲ್ಲಿ ಪ್ರಶ್ನೆ ಬರೆದ ಹಾಳೆ. ಎದ್ದು ನಿಂತು, ಒಂದಿಷ್ಟೂ ನಡುಗದ ಧ್ವನಿಯಲ್ಲಿ, ದವಾಖಾನೆ ಮುಚ್ಚಿದರೆ ನಡೆಯಲಾರದ ರೋಗಿಗಳಿಗೆ ಇಲಾಖೆ ಏನು ವ್ಯವಸ್ಥೆ ಮಾಡಿದೆ ಎಂದು ಕೇಳಿದರು. ನನಗೆ ಹೆಮ್ಮೆಯಾಯಿತು.

ಅಧಿಕಾರಿ ಎದ್ದರು. ಪರ್ಯಾಯ ವ್ಯವಸ್ಥೆಯ ವಿಷಯ ಪರಿಶೀಲನೆಯಲ್ಲಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದರು. ಬಂಡಲ್ಲಿನ ಮೇಲೆ ಕೂತು ನಾನು ಹೇಳುತ್ತಿದ್ದದ್ದೂ ಅದೇ, ಹೆಚ್ಚೂಕಡಿಮೆ ಅದೇ ಧ್ವನಿಯಲ್ಲಿ. ಈಗ ನೋಡು ಎಂದುಕೊಂಡು ಪಕ್ಕಕ್ಕೆ ತಿರುಗಿದೆ.

ಚನ್ನಕೇಶವಯ್ಯನವರು ಕೂತುಬಿಟ್ಟಿದ್ದರು. ತಲೆ ತಗ್ಗಿತ್ತು. ಹಾಳೆಯ ಹಿಂಬದಿಯ ಮೇಲೆ ಪೆನ್ಸಿಲು ಓಡುತ್ತಿತ್ತು.

ತಮ್ಮ ಮಾತನ್ನು ಒಬ್ಬರು ಶ್ರದ್ಧೆಯಿಂದ ಬರೆದುಕೊಳ್ಳುತ್ತಿರುವುದನ್ನು ಕಂಡು ಅಧಿಕಾರಿಗೆ ಹುರುಪು ಬಂತು. ಸರ್ಕಾರದ ಧೋರಣೆ, ಜನರ ಆರೋಗ್ಯ, ಹೊಸ ಆಸ್ಪತ್ರೆಯ ಸೌಲಭ್ಯ ಎಂದು ಮಾತು ಬೆಳೆಯಿತು. ಪೆನ್ಸಿಲು ಎಲ್ಲಿಯೂ ನಿಲ್ಲಲಿಲ್ಲ. ನಾನು ಮೊಣಕೈಯಿಂದ ತಿವಿದೆ. ಅವರ ಭುಜ ಕಲ್ಲಿನ ಹಾಗಿತ್ತು. ಅಧಿಕಾರಿ ಕೂತರು. ಅಧ್ಯಕ್ಷರು ಧನ್ಯವಾದ ಹೇಳಿದರು. ನಾನು ಎದ್ದು ನಿಂತು, ಸಾರ್ ಇನ್ನೊಂದು ಪ್ರಶ್ನೆ ಇದೆ ಎಂದೆ.

"ಕೂತ್ಕೊಳ್ಳಿ ಗಂಗಾಧರಪ್ಪ" ಎಂದರು ಅಧ್ಯಕ್ಷರು. "ಈ ವಿಷಯಕ್ಕೆ ಚನ್ನಕೇಶವಯ್ಯನವರು ಮಾತ್ರ ಅಂತ ನಿರ್ಣಯ ಆಗಿದೆ. ಅವರೇ ಉತ್ತರ ಬರ್ಕೊಂಡು ತೃಪ್ತರಾಗಿದ್ದಾರಲ್ಲ."

ಚನ್ನಕೇಶವಯ್ಯನವರು ಕೊನೆಯ ಗೆರೆ ಎಳೆದು ತಲೆ ಎತ್ತಿದಾಗ ಮುಂದಿನ ವಿಷಯ ಬೀದಿದೀಪದ್ದು, ಬೇರೊಬ್ಬರು ಎದ್ದು ನಿಂತಾಗಿತ್ತು. ನನ್ನ ಮುಖ ನೋಡಿದರು, ಹಾಳೆ ನೋಡಿದರು.

"ಬರ್ಕೊಂಡ್ಬಿಟ್ಟೆ ಗಂಗಾಧರಪ್ಪ" ಎಂದರು, ಬಹಳ ಮೆಲ್ಲಗೆ.

ಅವರ ಜೊತೆ ಮನೆಯವರೆಗೆ ಹೋದೆ. ರತ್ನಮ್ಮನವರು ಬಾಗಿಲಲ್ಲೇ ಕೂತು ಕಾಯುತ್ತಿದ್ದರು. ಆದದ್ದನ್ನು ಚನ್ನಕೇಶವಯ್ಯನವರು ಏನೂ ಮುಚ್ಚಿಡದೆ ಹೇಳಿದರು. ಆಕೆ ಕೇಳಿಸಿಕೊಂಡು, ಗಂಡನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, "ಸರಿಯಾಗಿ ಬರ್ಕೊಂಡ್ರಿ ತಾನೆ? ಒಂದೂ ಬಿಟ್ಟಿಲ್ವಲ್ಲ?" ಎಂದರು. ಬೈಗುಳವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಕಾಫಿ ಮಾಡುತ್ತೇನೆಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಆ ತಿಂಗಳು ಮುಗಿಯುವುದರೊಳಗೆ ದವಾಖಾನೆಯ ಬೋರ್ಡು ಇಳಿಯಿತು. ಬೆಂಚನ್ನೂ ಕೊಂಡೊಯ್ದರು. ಚನ್ನಕೇಶವಯ್ಯನವರು ಇಲಾಖೆಗೆ ಅಲೆದರು, ಮೆಟ್ಟಿಲು ಹತ್ತಿ ಇಳಿದರು. ಸಭೆಯಲ್ಲಿ ಉತ್ತರ ಕೊಟ್ಟಾಗಿದೆ, ಆಗ ನೀವೇನೂ ಆಕ್ಷೇಪ ಎತ್ತಲಿಲ್ಲವಲ್ಲ ಎಂದರಂತೆ ಅಲ್ಲಿಯವರು. ಮಾಲೀಕನ ಹತ್ತಿರ ನಾನು ಮತ್ತೆ ಹೋದೆ, ಬೇಕರಿಯವನು ಮುಂಗಡ ಕೊಟ್ಟಾಗಿತ್ತು. ಮೊದಮೊದಲು ಅವರು ಹೆಂಡತಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಆಮೇಲೆ ಬಸ್ಸಿನಲ್ಲಿ. ನನ್ನ ಟೆಂಪೋ ಆ ಕಡೆ ಹೋಗುವ ದಿನ ಮುಂದಿನ ಸೀಟಿನಲ್ಲಿ ಕೂರಿಸಿ ಕಳಿಸುತ್ತಿದ್ದೆ. ಮಳೆ ಬಂದರೆ ನಾಳೆ ಹೋದರಾಯಿತು ಎನ್ನುತ್ತಿದ್ದರು ರತ್ನಮ್ಮ. ಆಮೇಲೆ ಮಳೆ ಇಲ್ಲದ ದಿನವೂ ಹಾಗೇ ಎನ್ನತೊಡಗಿದರು. ಕಾಲು ಕಪ್ಪಾಯಿತು. ದೊಡ್ಡಾಸ್ಪತ್ರೆಯಲ್ಲಿ ಪಾದ ತೆಗೆದರು, ಅಷ್ಟಕ್ಕೆ ನಿಲ್ಲಲಿಲ್ಲ. ಹರಿಶ್ಚಂದ್ರ ಘಾಟಿನ ಸ್ಮಶಾನದಿಂದ ವಾಪಸ್ಸು ಬರುವಾಗ ಟೆಂಪೋದಲ್ಲಿ ಚನ್ನಕೇಶವಯ್ಯನವರ ಪಕ್ಕ ನಾನೇ ಕೂತಿದ್ದೆ. ಯಾರೋ ಸಮಾಧಾನದ ಮಾತು ಆಡುತ್ತಿದ್ದರು. ನಾನು ಅವರ ತೊಡೆಯ ಕಡೆ ನೋಡಿದೆ. ಬೆರಳುಗಳು ಅಲ್ಲಾಡುತ್ತಿರಲಿಲ್ಲ.

ತುಮಕೂರಿನ ತಮ್ಮನ ಮನೆಗೆ ಹೋಗಿಬಿಡುತ್ತೇನೆಂದು ಹೇಳಲು ಅವರು ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಟೀ ತರಿಸಿದೆ. ವಿಧಾನಸಭೆಯಲ್ಲಿ ತಮ್ಮ ತಲೆಯ ಮೇಲೆ ಅಷ್ಟು ವರ್ಷ ಸದಸ್ಯರು ನೀರಿಗೆ, ಅಕ್ಕಿಗೆ, ಆಸ್ಪತ್ರೆಗೆ ಕೂಗಾಡಿದ್ದನ್ನೂ, ಒಂದು ಮಾತು ಬಿಡದ ಕೈ ಎಂದು ಎಲ್ಲರೂ ಹೊಗಳಿದ್ದನ್ನೂ ಹೇಳಿದರು.

"ಕೇಳೋದನ್ನ ಓದಿ ಕಲೀಬಹುದು ಅನ್ಕೊಂಡಿದ್ದೆ. ಅಷ್ಟು ದೂರದ ದೇಶದವರ ಹತ್ರ ಕಲಿಯೋಕೆ ಹೋದೆ. ಕೈ ಕೇಳಲಿಲ್ಲ ಗಂಗಾಧರಪ್ಪ, ನನ್ ಮಾತು."

ಟೀ ಅರ್ಧ ಬಿಟ್ಟು ಎದ್ದರು. ಬೇಕರಿಯ ಮುಂದೆ ಹಾದುಹೋಗಬೇಕಾಗುತ್ತದೆಂದು ಹಿಂದಿನ ರಸ್ತೆ ಹಿಡಿದು ನಡೆದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಕೆಲವು ವರ್ಷದ ಮೇಲೆ ತೀರಿಹೋದರೆಂದು ಅವರ ತಮ್ಮನ ಕಡೆಯವರೊಬ್ಬರಿಂದ ತಿಳಿಯಿತು.

ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಲ್ಲಿಗೋ, ಶಾಲೆಗೋ, ಆಸ್ಪತ್ರೆಗೋ ನೀವೊಂದು ದಿನ ಸಭೆಗೆ ಹೋಗಲೇಬೇಕಾಗುತ್ತದೆ. ಹೋಗುವಾಗ ಬರೆದುಕೊಳ್ಳಲು ಒಬ್ಬರು, ಕೇಳಲು ಇನ್ನೊಬ್ಬರು ಇರಲಿ. ಕೇಳುವವರು ತಪ್ಪಿದರೆ ಎದ್ದು ನಿಲ್ಲಲು ಮೂರನೆಯವರಿಗೂ ಅವಕಾಶ ಇಟ್ಟುಕೊಂಡೇ ನಿರ್ಣಯ ಮಾಡಿ. ಪರಿಶೀಲನೆಯಲ್ಲಿದೆ ಎಂದ ಕೂಡಲೇ ಕೂರಬೇಡಿ, ಉತ್ತರ ಬರುವವರೆಗೆ ಕಾಲು ನೋಯಲಿ. ಮುಖ್ಯವಾಗಿ, ಕಷ್ಟ ಯಾರದೋ ಅವರನ್ನು ಹೇಗಾದರೂ ಮಾಡಿ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಹೊತ್ತುಕೊಂಡಾದರೂ ಸರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಆಗದಿದ್ದರೆ ಅವರ ಹೆಸರನ್ನಾದರೂ ಗಟ್ಟಿಯಾಗಿ ಹೇಳಿ. ನಡೆಯಲಾರದ ರೋಗಿಗಳು ಎನ್ನಬೇಡಿ. ರತ್ನಮ್ಮ ಎನ್ನಿ.