ಕುಂಕುಮದ ಕೆಳಗಿನ ಅಂಕಿ

ಕಂಪ್ಯೂಟರ್ ಪುಸ್ತಕವೋ ಆಯುಧವೋ ಎಂಬ ಪ್ರಶ್ನೆ ಎದ್ದದ್ದು ಕಲ್ಕತ್ತೆಯ ಟಾಲಿಗಂಜಿನ ನಮ್ಮ ಬಾಡಿಗೆ ಮನೆಯಲ್ಲಿ, ದಸರೆಯ ಸಪ್ತಮಿಯ ಬೆಳಿಗ್ಗೆ. ಪುಸ್ತಕವಾದರೆ ಸರಸ್ವತಿ ಪೂಜೆಗೆ ಅವತ್ತೇ ಇಡಬೇಕು. ಆಯುಧವಾದರೆ ನವಮಿಯವರೆಗೆ ಅದು ನನ್ನದು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ದಿನ ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ ಎನ್ನುವುದು ಮೈಸೂರಿನ ನಮ್ಮತ್ತೆ ರೈಲಿನಲ್ಲಿ ಪಟ್ಟದ ಗೊಂಬೆಗಳ ಜೊತೆಗೆ ಹೊತ್ತು ತಂದ ಪದ್ಧತಿ. ನಾನು ಆಯುಧವೇ ಎಂದು ವಾದಿಸಿದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

"ಅದರಲ್ಲಿ ಅಕ್ಷರಾನೂ ಕಾಣುತ್ತೆ, ಕೆಲಸಾನೂ ಆಗುತ್ತೆ. ಎರಡೂ ಪೂಜೆಗೂ ಇಟ್ಟುಬಿಡೋಣ ಬಿಡಮ್ಮ. ದೇವರ ಹತ್ರ ಯಾಕೆ ಚೌಕಾಸಿ."

ಆ ತೀರ್ಪು ನನ್ನ ಹೊಟ್ಟೆಯಲ್ಲಿ ಎಷ್ಟು ಬೆಂಕಿ ಹಾಕಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನದನ್ನು ಹೇಳಬೇಕು. ಮದುವೆಗೆ ಮೊದಲು ನಾನು ಮೈಸೂರಿನಲ್ಲಿ ಒಬ್ಬ ಇಂಜಿನಿಯರರ ಹತ್ತಿರ ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದೆ. ಯಜಮಾನರದು ಕೇಂದ್ರ ಸರ್ಕಾರದ ಕೆಲಸ. ಅವರಿಗೆ ಕಲ್ಕತ್ತೆಗೆ ವರ್ಗವಾದ ಮೇಲೆ ನನ್ನ ಕೈಗೆ ಸೌಟು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ತರಕಾರಿಗೆ ಹೋದಾಗ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯರು ಬಸ್ಸಿಗೆ ಓಡುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಪಟೋಲ್ ಕಾಯಿ ಮಾರುವವನು "ಬೌದಿ, ಎಷ್ಟು ತೂಗಲಿ" ಎಂದು, ಅವರ ಭಾಷೆಯಲ್ಲಿ ಅತ್ತಿಗೆ ಎಂದು ಕರೆದು, ಎರಡೆರಡು ಸಲ ಕೇಳಬೇಕಾಗುತ್ತಿತ್ತು.

ಯಜಮಾನರು ಕೆಟ್ಟವರಲ್ಲ. "ಕೆಲಸ ಮಾಡಬೇಡ ಅಂತ ನಾನೆಲ್ಲಿ ಹೇಳ್ದೆ? ಮನೇಲೇ ಕೂತು ಮಾಡೋದಾದ್ರೆ ಮಾಡು. ಅಮ್ಮ ಒಬ್ಬಳೇ ಆಗ್ತಾಳೆ, ಅವಳಿಗೆ ಇಲ್ಲಿನ ಭಾಷೆ ಬೇರೆ ಬರಲ್ಲ" ಎನ್ನುತ್ತಿದ್ದರು. ಯಾವಾಗ ಕೇಳಿದರೂ ಅದೇ ಮಾತು, ಅದೇ ಮೃದು ದನಿ. ಗದರಿದ್ದರೆ ಜಗಳವಾಡಬಹುದಿತ್ತು. ಇದಕ್ಕೆ ಏನು ಹೇಳುವುದು? ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಹಾಗಿರುವಾಗ ಸೆಕ್ಟರ್ ಫೈವಿನ ಒಂದು ಸಣ್ಣ ಆಫೀಸಿನಿಂದ ಮನೆಯಲ್ಲೇ ಕೂತು ಮಾಡುವಂಥ ಕೆಲಸ ಸಿಗುವ ಹಾಗಾಯಿತು. ಇನ್ನೂ ಕಟ್ಟದ ಫ್ಲಾಟುಗಳೊಳಗೆ ನಡೆದಾಡಿದಂತೆ ತೋರಿಸುವ ಚಿತ್ರಗಳನ್ನು ಅವರು ಮಾಡುತ್ತಿದ್ದರು. ಪರೀಕ್ಷೆಗೆಂದು ಒಂದು ಫ್ಲಾಟಿನ ನಕ್ಷೆ ಕೊಟ್ಟರು. ದಸರೆ ಮುಗಿದ ಹುಣ್ಣಿಮೆಗೆ ಇಲ್ಲಿಯವರು ಮಾಡುವ ಲಕ್ಷ್ಮೀ ಪೂಜೆ ಕಳೆದು ಆಫೀಸು ತೆರೆಯುವ ಹೊತ್ತಿಗೆ ಅದು ಓಡಾಡುವ ಮನೆಯಾಗಿ ಅವರ ಕೈ ಸೇರಿದರೆ ಕೆಲಸ ನನ್ನದು. ನಮ್ಮ ಮನೆಯ ಕಂಪ್ಯೂಟರಿಗೆ ಅಂಥ ಚಿತ್ರ ಎಳೆಯುವ ತಾಕತ್ತಿರಲಿಲ್ಲ. ಅಲ್ಲಿನ ಮುಖ್ಯಸ್ಥರು ಬೀರುವಿನಿಂದ ಒಂದು ಗ್ರಾಫಿಕ್ಸ್ ಕಾರ್ಡ್ ತೆಗೆದು, ಡಬ್ಬದ ಸಮೇತ ಎರವಲು ಕೊಟ್ಟರು.

"ಹಾಕೋ ಮುಂಚೆ ನಿಮ್ಮ ಎಸ್‌ಎಂಪಿಎಸ್ ಇದನ್ನ ತಡೆಯುತ್ತಾ ನೋಡಿ, ಮೇಡಂ. ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ವ್ಯಾಟ್ ನಂಬಬೇಡಿ. ಹನ್ನೆರಡು ವೋಲ್ಟಿನ ಲೈನಿಗೆ ಎಷ್ಟು ಆಂಪಿಯರ್ ಅಂತ ಒಳಗಿನ ಚೀಟೀಲಿ ಇರುತ್ತೆ, ಅದನ್ನ ನೋಡಿ" ಎಂದು ಹಿಂದಿಯಲ್ಲಿ ಎಚ್ಚರಿಸಿದರು.

ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಹಂಚುವ ತಗಡಿನ ಡಬ್ಬಿ. ಅದು ಮೂರು ಲೈನುಗಳಲ್ಲಿ ಹಂಚುತ್ತದೆ. ಊಟದ ಕ್ಯಾರಿಯರ್ ಎಷ್ಟು ದೊಡ್ಡದು ಎಂದು ತಿಳಿದ ಮಾತ್ರಕ್ಕೆ ಅನ್ನದ ಡಬ್ಬಿಯಲ್ಲಿ ಎಷ್ಟಿದೆ ಎಂದು ತಿಳಿಯುವುದಿಲ್ಲವಲ್ಲ, ಹಾಗೆ. ನಮ್ಮದರ ಮುಂದೆ ನಾನೂರು ವ್ಯಾಟ್ ಎಂದು ಜಂಬವಾಗಿ ಬರೆದಿತ್ತು. ಆದರೆ ಕಾರ್ಡಿನ ಡಬ್ಬ ಕೇಳುತ್ತಿದ್ದುದು ಹನ್ನೆರಡು ವೋಲ್ಟಿನ ಲೈನಿನಲ್ಲಿ ಹದಿನೆಂಟು ಆಂಪಿಯರ್. ಅದಕ್ಕಿಂತ ತೀರ ಕಡಿಮೆ ಇದ್ದು ಕಾರ್ಡ್ ಹಾಕಿದರೆ ಎಸ್‌ಎಂಪಿಎಸ್ ಸುಟ್ಟುಹೋಗಬಹುದು, ಹೋಗುವಾಗ ಎರವಲು ತಂದದ್ದನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಆದ್ದರಿಂದ ಅತ್ತೆಯ ತೀರ್ಪಾದ ಮೇಲೆ, "ಇಡೋ ಮುಂಚೆ ಒಂದೇ ಒಂದು ಅಂಕಿ ನೋಡ್ಕೋತೀನಿ ಅತ್ತೆ" ಎಂದು ಬೇಡಿ, ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿದೆ. ಎಸ್‌ಎಂಪಿಎಸ್ಸಿಗೆ ಅಂಟಿಸಿದ್ದ ಚೀಟಿ ಧೂಳಿನಲ್ಲಿ ಮುಚ್ಚಿಹೋಗಿತ್ತು. ಒದ್ದೆ ಬಟ್ಟೆ ತಂದು ಒರೆಸಿದೆ. ಇನ್ನೇನು ಬಗ್ಗಿ ಓದಬೇಕು, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಅಡುಗೆಮನೆಗೆ ಓಡಿದೆ. ಒಲೆ ಒರೆಸಿ ವಾಪಸು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

ಮಾಡಿದ್ದು ಹೊರಗಲ್ಲ, ಒಳಗೆ. ಒಳಗಿದ್ದುದರಲ್ಲೆಲ್ಲ ದೊಡ್ಡದಾಗಿ ಕಂಡ ಎಸ್‌ಎಂಪಿಎಸ್ಸಿಗೆ ಅರಿಶಿನ, ಗಂಧ, ಅದರ ಮೇಲೆ ಒದ್ದೆ ಕುಂಕುಮ, ತುದಿಯಲ್ಲಿ ಒಂದು ಚೆಂಡುಹೂವು.

"ಹೊರಗಿನ ತಗಡಿಗೆ ಪೂಜೆ ಮಾಡಿದ್ರೆ ಏನು ಬಂತು? ಆಯುಧ ಒಳಗಿದೆಯಲ್ಲ. ಇದರ ಮೇಲೆ ಅಕ್ಷರ ಬೇರೆ ಇದೆ, ಸರಸ್ವತಿ" ಎಂದರು ಅತ್ತೆ, ಕೈ ಮುಗಿಯುತ್ತಾ.

ಬಗ್ಗಿ ನೋಡಿದೆ. ಹನ್ನೆರಡು ವೋಲ್ಟಿನ ಸಾಲಿನಲ್ಲಿ 1 ಎಂಬ ಅಂಕಿ ಕಾಣುತ್ತಿತ್ತು. ಅದರ ಪಕ್ಕದ ಅಂಕಿಯ ಮೇಲೆ ಕಾಸಗಲದ ಕುಂಕುಮ ಕೂತಿತ್ತು. ಹತ್ತೂ ಇರಬಹುದು, ಹದಿನೆಂಟೂ ಇರಬಹುದು. ಉಗುರಿನಲ್ಲಿ ಒಂದು ಸಲ ಕೆರೆದರೆ ಸಾಕಿತ್ತು. ಆದರೆ ಅತ್ತೆಯ ಮಂಚ ಅದೇ ನಡುಮನೆಯಲ್ಲಿ, ಗೊಂಬೆಗಳ ಎದುರಿಗೇ ಇತ್ತು. ನಿಜ ಹೇಳಬೇಕೆಂದರೆ, ಅವರು ಇಲ್ಲದಿದ್ದರೂ ದೇವರ ಕುಂಕುಮ ಕೆರೆಯುವ ಧೈರ್ಯ ನನಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಪೂಜಾರಿ ಮಂಚದ ಮೇಲೂ ಇದ್ದರು, ನನ್ನೊಳಗೂ ಇದ್ದರು.

ಕಂಪ್ಯೂಟರ್ ಮಾರಿದವನಿಗೆ ಫೋನ್ ಮಾಡೋಣವೆಂದರೆ ಅವನ ಅಂಗಡಿಯಿದ್ದ ಚಾಂದನಿ ಮಾರ್ಕೆಟ್ಟಿಗೆ ದುರ್ಗಾ ಪೂಜೆಯ ಬೀಗ ಬಿದ್ದಿತ್ತು. ಹೊರಗೆ ಹೋಗಿ ತಲೆ ತಣ್ಣಗೆ ಮಾಡಿಕೊಳ್ಳೋಣವೆಂದರೆ ನಮ್ಮ ಗೇಟಿಗೆ ಅಡ್ಡವಾಗಿ ಪೆಂಡಾಲಿನ ಬಿದಿರು ನೆಟ್ಟಿದ್ದರು, ಒಬ್ಬೊಬ್ಬರೇ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು. ನುಸುಳಿದರೆ ಜನದ ಪ್ರವಾಹ. ಅದರಲ್ಲಿ ನಾವು ನಡೆಯುವುದಿಲ್ಲ, ಅದು ನಮ್ಮನ್ನು ನಡೆಸುತ್ತದೆ. ಆಟೋ ಇಲ್ಲ, ಬಸ್ಸು ದಾರಿ ಬದಲಿಸಿದೆ. ಇಡೀ ಊರು ಬೀದಿಗೆ ಇಳಿದು ಕುಣಿಯುವ ದಿನಗಳಲ್ಲಿ ನಾನು ಢಾಕ್ ಎಂಬ ಡೋಲಿನ ಸದ್ದು ಕೇಳುತ್ತಾ ಕುಂಕುಮದ ಬೊಟ್ಟಿಗೆ ಕಾವಲು ಕೂತಿದ್ದೆ. ಅತ್ತೆ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ನಿಂತಿರುತ್ತಿದ್ದರು. ಗಲಾಟೆ ಅವರಿಗೆ ಆಗುವುದಿಲ್ಲ ಎಂದು ಯಜಮಾನರು ಕಿಟಕಿ ಮುಚ್ಚುವರು. ಸ್ವಲ್ಪ ಹೊತ್ತಿಗೆ ನೋಡಿದರೆ ಅದು ಮತ್ತೆ ತೆರೆದಿರುತ್ತಿತ್ತು. ನನ್ನ ತಲೆನೋವು ನನಗೆ, ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಆ ಹೊತ್ತಿನಲ್ಲಿ ನನ್ನ ಪ್ರಾರ್ಥನೆ ಸರಳವಾಗಿತ್ತು. ತಾಯಿ, ಹದಿನೆಂಟು ಇರಲಿ.

"ಕಾರ್ಡಿಗೂ ಹೇಳು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ" ಎಂದು ಯಜಮಾನರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಅಷ್ಟಮಿಯ ಮಧ್ಯಾಹ್ನ ತಡೆಯಲಾರದೆ ಆಫೀಸಿನ ಮುಖ್ಯಸ್ಥರ ಮೊಬೈಲಿಗೆ ಫೋನ್ ಮಾಡಿದೆ. ಅವರೂ ಯಾವುದೋ ಪೆಂಡಾಲಿನ ಸಾಲಿನಲ್ಲಿದ್ದರು. ಆಂಪಿಯರ್ ಸಾಲದಿದ್ದರೆ ಏನು ಮಾಡಲಿ ಎಂದು ಕೇಳಿದೆ.

"ಅದಕ್ಕೇನು ಯೋಚನೆ, ಮೇಡಂ? ಆಫೀಸಿಗೇ ಬಂದು ನಮ್ಮ ಮಷೀನಿನಲ್ಲಿ ಮಾಡಿ. ಒಂದು ಕುರ್ಚಿ ಖಾಲಿ ಇದೆ. ದಿನಾ ಬರೋದಾದ್ರೆ ಇನ್ನೂ ಒಳ್ಳೇದು" ಎಂದರು.

ಫೋನ್ ಇಟ್ಟ ಮೇಲೆ ಆ ಖಾಲಿ ಕುರ್ಚಿ ನನ್ನ ತಲೆಯಿಂದ ಹೋಗಲಿಲ್ಲ. ಅದರ ಪಕ್ಕ ಒಂದು ಕಿಟಕಿ ಇಟ್ಟೆ. ಕೆಳಗೆ ನನ್ನ ಊಟದ ಡಬ್ಬಿ ಇಟ್ಟೆ. ಬಸ್ಸಿನಲ್ಲಿ ಸೀಟು ಹಿಡಿದೆ, ಕೊರಳಿಗೆ ಚೀಟಿ ಹಾಕಿಕೊಂಡೆ. ಸಂಜೆ ದೀಪ ಹಚ್ಚಿ ಕೈ ಮುಗಿದಾಗ ನನ್ನ ಬಾಯಿಂದ ಹೊರಟ ಪ್ರಾರ್ಥನೆ ಕೇಳಿ ನನಗೇ ಗಾಬರಿಯಾಯಿತು. ತಾಯಿ, ಹತ್ತೇ ಇರಲಿ.

ನವಮಿಯ ದಿನ ಆಯುಧ ಪೂಜೆ. ಚಾಕು, ಕತ್ತರಿ, ಈಳಿಗೆಮಣೆ, ಸ್ಕೂಟರಿನ ಕೀಲಿ ಎಲ್ಲ ಕಂಪ್ಯೂಟರಿನ ಪಕ್ಕ ಬಂದು ಕೂತವು. ಅತ್ತೆ ಎಸ್‌ಎಂಪಿಎಸ್ಸಿಗೆ ಎರಡನೆಯ ಸುತ್ತು ಕುಂಕುಮ ಹಚ್ಚಿದರು. ಈ ಸಲ ಕಾಣುತ್ತಿದ್ದ 1 ಕೂಡ ಮುಚ್ಚಿಹೋಯಿತು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಅಂಕಿ ಹದಿನೆಂಟಾದರೆ ಈ ನಡುಮನೆಯೇ ನನ್ನ ಆಫೀಸು, ಈ ಮೂಲೆಯ ಮೇಜೇ ನನ್ನ ಜಗತ್ತು, ಅದೂ ಎಲ್ಲರ ಮೆಚ್ಚುಗೆಯೊಂದಿಗೆ. ಕೇಳಿದ್ದನ್ನೆಲ್ಲ ಕೊಟ್ಟೆವಲ್ಲ ಎನ್ನುತ್ತಾರೆ. ಮುಂದೆ ಯಾವ ಬಾಯಿಂದ ಏನು ಕೇಳಲಿ?

ವಿಜಯದಶಮಿಯ ಬೆಳಿಗ್ಗೆ ಅತ್ತೆ ಮಂಗಳಾರತಿ ಮಾಡಿ, ಪೂಜೆ ಕದಲಿಸಿ, "ಇನ್ನು ನಿನ್ನ ಆಯುಧ ತಗೋಮ್ಮ" ಎಂದರು. ಯಜಮಾನರು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತರು. ಒಣಗಿದ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ನೆನೆಸಿ ತೆಗೆದೆ. ಮೊದಲು 1 ಬಂತು. ಆಮೇಲೆ ಪಕ್ಕದ್ದು, ಕೆಂಪು ಬಣ್ಣ ಹಿಡಿದು, ಸ್ಪಷ್ಟವಾಗಿ. 8.

"ಹದಿನೆಂಟು" ಎಂದು ಯಜಮಾನರು ನನಗಿಂತ ಮೊದಲೇ ಓದಿದರು. "ನೋಡಿದ್ಯಾ, ನಾನು ಒಳ್ಳೇದೇ ತಂದಿದ್ದೆ. ಸಾಕಾಗುತ್ತೆ. ಇನ್ನು ನೀನು ಎಲ್ಲೂ ಹೋಗೋ ಹಾಗೇ ಇಲ್ಲ."

ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಅಳುತ್ತಲೇ ಹೇಳಿದೆ, "ಕಾರ್ಡಿಗೆ ಸಾಕು, ರೀ. ನನಗೆ ಸಾಲದು. ನಾನು ಆ ಆಫೀಸಿಗೇ ಹೋಗ್ತೀನಿ, ದಿನಾ."

ಹತ್ತಾಗಿದ್ದರೆ ಈ ಮಾತನ್ನು ಎಸ್‌ಎಂಪಿಎಸ್ಸಿನ ತಲೆಗೆ ಕಟ್ಟಬಹುದಿತ್ತು. ಈಗ ಅದು ನನ್ನದೇ ಮಾತಾಗಿ ನಡುಮನೆಯಲ್ಲಿ ಬಿದ್ದಿತ್ತು. ಯಜಮಾನರು ಟಾರ್ಚ್ ಆರಿಸುವುದನ್ನೂ ಮರೆತು ಕೂತಿದ್ದರು. ಅದೇ ಮೃದು ದನಿಯಲ್ಲಿ, "ಅಮ್ಮ ಒಬ್ಬಳೇ ಆಗ್ತಾಳಲ್ಲೇ" ಎಂದರು.

ಕೆಳಗೆ ಬೀದಿಯಲ್ಲಿ, ಪೆಂಡಾಲಿನ ದೇವಿಯನ್ನು ವಿಸರ್ಜನೆಗೆಂದು ಲಾರಿಗೆ ಏರಿಸಲು ಸಿದ್ಧತೆ ನಡೆದಿತ್ತು. ಅತ್ತೆ ಕಿಟಕಿಯ ಹತ್ತಿರ ನಿಂತು ಅದನ್ನು ನೋಡುತ್ತಿದ್ದರು. ತಿರುಗದೆಯೇ ಮಾತಾಡಿದರು.

"ಅವಳು ಮನೇಲಿದ್ರೂ ನಾನು ಒಬ್ಬಳೇ ಕಣೋ. ಹೋಗಲಿ ಅವಳು. ಆದ್ರೆ ಆ ದೇವಿ ಹೋಗೋ ಮುಂಚೆ ಯಾರಾದ್ರೂ ನನ್ನನ್ನ ಒಂದು ಸಲ ಕೆಳಗೆ ಕರ್ಕೊಂಡು ಹೋಗಿ. ಬಂದಾಗಿನಿಂದ ಈ ಊರಲ್ಲಿ ನಾನು ನೋಡಿರೋದು ಇದೊಂದು ಕಿಟಕೀನೇ."