ಯಾವ ಗರ್ಮಿ?

ಬೇಸಿಗೆಯಲ್ಲಿ ಕುಷ್ಟಗಿಯ ಅತ್ತೆಯ ಮನೆಗೆ ಹೋದರೆ ಮೊದಲು ಕೈಗೆ ಬರುವುದು ಕಾಮಕಸ್ತೂರಿ ಬೀಜ ನೆನೆಸಿದ ನೀರು. "ಗರ್ಮಿಗೆ ಛಲೋ, ಕುಡಿ" ಎನ್ನುತ್ತಾಳೆ. ನಿಮಗೆ ಅದು ಮೈಯ ಉಷ್ಣ ಇಳಿಸುವ ತಂಪು. ನನಗೆ ಆ ಬೀಜ ಕಂಡರೇ ಮೈ ಉರಿಯುತ್ತದೆ.

ಅತ್ತೆಯ ಗಂಡ, ನನ್ನ ಸೋದರಮಾವ, ಶಾಲಾ ಮಾಸ್ತರರು. ಹಾಜರಿ ಕರೆಯುವಾಗ ಹಲ್ಲು ಕಿರಿದದ್ದಕ್ಕೆ ಅವರ ಕೈಯಿಂದ ಛಡಿ ಏಟು ತಿಂದವನು ನಾನು. ಇಪ್ಪತ್ತು ವರ್ಷದ ಕೆಳಗೆ, ಇನ್ನೂ ಐವತ್ತು ದಾಟದ ಮಾವ, ಎಂದೋ ಶಾಲೆ ಬಿಟ್ಟುಹೋದವರ ಹೆಸರು ಹಿಡಿದು ಹಾಜರಿ ಕರೆಯತೊಡಗಿದರು. ನಡಿಗೆ ತಪ್ಪಿತು. ಒಂಬೈನೂರು ವರ್ಷ ಹಳೆಯ ಇಟಗಿಯ ಗುಡಿ ಕಟ್ಟಿಸಿದವನು ತಾನೇ ಎಂದು ಒಂದು ದಿನ ಹೆಡ್‌ಮಾಸ್ತರರಿಗೇ ಹೇಳಿದರು. ಊರು ಸುಮ್ಮನಿದ್ದೀತೆ? "ಮಾಸ್ತರಗ ದೊಡ್ಡ ರೋಗ ಬಂದೈತಿ" ಎಂದಿತು. ಏಡ್ಸ್‌ಗೆ ಆಗ ಅದೇ ಹೆಸರು.

ನಾನಾಗ ಗಂಗಾವತಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವನು. ಮಾವನ ರಕ್ತದಲ್ಲಿ ಎಚ್‌ಐವಿ ಇದೆಯೇ ಎಂದು ನೋಡಿದೆ. ಇರಲಿಲ್ಲ. ಪೇಢೆ ಕಟ್ಟಿಸಿಕೊಂಡು ಕುಷ್ಟಗಿಗೆ ಓಡಿದೆ; ಅತ್ತೆ ಓಣಿಗೆಲ್ಲ ಹಂಚಿದಳು. ಅದೇ ರಕ್ತದಲ್ಲಿ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಬಹುದಿತ್ತು. ಛಡಿ ಹಿಡಿದ ಮಾಸ್ತರರ ಹೆಸರನ್ನು ಅಂಥ ಚೀಟಿಯ ಮೇಲೆ ಬರೆಯಲು ಕೈ ಬರಲಿಲ್ಲ. ನನ್ನಂಥ ಕೋಣ ಇನ್ನೊಂದಿಲ್ಲ.

ಎಂಟು ತಿಂಗಳಾದ ಮೇಲೆ, ಮಾವನನ್ನು ಕರೆದೊಯ್ದಾಗ, ಕೊಪ್ಪಳದ ಡಾಕ್ಟರು ಕೇಳಿದರು: "ಹಿಂದ ಯಾವಾಗರ ಗರ್ಮಿ ಆಗಿತ್ತೇನ್ರಿ?" ಸಿಫಿಲಿಸ್‌ಗೆ ನಮ್ಮ ಕಡೆ ಹಿರಿಯರ ಮಾತು ಅದು.

"ಆಗಿತ್ರಿ!" ಎಂದಳು ಅತ್ತೆ. "ಲಗ್ನಾದ ಹೊಸದಾಗ. ದಿನಾ ಕಾಮಕಸ್ತೂರಿ ನೀರು ಕೊಟ್ಟೆ. ತಿಂಗಳದಾಗ ಕಡಿಮಿ ಆತು."

ಸಿಫಿಲಿಸ್‌ನ ಹುಣ್ಣು ತಾನಾಗಿ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಗಂಡ ಹೇಳಿದ ಗರ್ಮಿಯೇ ಬೇರೆ, ಹೆಂಡತಿ ತಂಪು ಮಾಡಿದ ಗರ್ಮಿಯೇ ಬೇರೆ! ನಾನು ತಲೆ ಚಚ್ಚಿಕೊಂಡೆ.

"ದೊಡ್ಡ ರೋಗ ಇಲ್ಲಂತ ಬಂದೈತಲ್ರಿ" ಎಂದೆ, ಜಾಣನಂತೆ.

"ಅದು ಇದ್ರ ಈ ಗರ್ಮಿ ಲಗೂನ ಮೆದುಳಿಗೆ ಏರಬಹುದು. ಅದು ಇಲ್ಲಂದ್ರ ಏರೂದs ಇಲ್ಲಂತ ಯಾರ್ ಹೇಳಿದ್ರು? ಲ್ಯಾಬಿನಾಗಿದ್ದು ಇಷ್ಟೂ ಗೊತ್ತಿಲ್ಲೇನು?"

ಬೆನ್ನಿನಿಂದ ನೀರು ತೆಗೆದು ನೋಡಿದರು, ಏರಿತ್ತು. ಹದಿನಾಲ್ಕು ದಿನ ಪೆನ್ಸಿಲಿನ್ ಕೊಟ್ಟರು. ಅತ್ತೆಗೂ ಪರೀಕ್ಷೆಯಾಯಿತು, ಸೂಜಿಯಾಯಿತು. ಮಾವನ ರೋಗ ನಿಂತಿತು, ಹೋದ ಬುದ್ಧಿ ಬರಲಿಲ್ಲ. "ಮೊದಲs ಬಂದಿದ್ರ…" ಎಂದು ಡಾಕ್ಟರು ಮಾತನ್ನು ಅರ್ಧಕ್ಕೆ ಬಿಟ್ಟರು.

ಈ ಬೇಸಿಗೆಯಲ್ಲೂ ಅತ್ತೆ ಅದೇ ಲೋಟ ತಂದಳು. ಇಷ್ಟು ವರ್ಷದ ಸಿಟ್ಟು ತಡೆಯಲಾಗಲಿಲ್ಲ. "ಮಾವ ಗರ್ಮಿ ಅಂದಾಗ ಯಾವ ಗರ್ಮಿ ಅಂತ ಒಂದು ಮಾತು ಕೇಳಬಾರದಿತ್ತೇನ ಅತ್ತಿ?"

ಅವಳು ಲೋಟ ಕೆಳಗಿಟ್ಟಳು. "ಗೊತ್ತಿತ್ತಪ್ಪ ನನಗ. ಕೇಳಿದ್ರ ಖರೇನ ಹೇಳಿಬಿಡ್ತಿದ್ರು. ಅದಕ್ಕs ಕೇಳಲಿಲ್ಲ."

ನಾನು ಬರೆಯದೆ ಬಿಟ್ಟ ಚೀಟಿಯೂ ಅದೇ ಜಾತಿಯದಲ್ಲವೇ?

ಪಡಸಾಲೆಯಿಂದ ಮಾವ ಹಾಜರಿ ಕರೆಯುತ್ತಿದ್ದರು. ನನ್ನ ಹೆಸರು ಬಂತು. ಯಾವಾಗಲೂ ಕೇಳದವನಂತೆ ಕೂರುವವನು, ಈ ಸಲ ಎದ್ದು ಹೋಗಿ, "ಹಾಜರ್ ಸರ್" ಎಂದೆ.

"ತಡ ಮಾಡಿ ಬಂದಿ. ಹೊರಗ ನಿಂದ್ರು" ಎಂದರು.

ಹೋಗಿ ನಿಂತೆ.