ಚಿಗವ್ವ ಆಡದೆ ಬಿಟ್ಟ ಮಾತು

ಇವತ್ತು ಬೆಳಿಗ್ಗೆ ಸೊಸೆ ಮೊಮ್ಮಗಳಿಗೆ ಔಷಧದ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎಂದೋ ತೀರಿಹೋದ ನನ್ನ ಚಿಗವ್ವ, ಅವ್ವನ ತಂಗಿ, ಎದುರಿಗೇ ಬಂದು ನಿಂತಂತಾಯಿತು. ರಜೆ-ಸೂಟಿಗೆ ಇಳಕಲ್ಲಿನ ನಮ್ಮ ಮನೆಗೆ ಬಂದಾಗಲೆಲ್ಲ ಅವಳ ಸೀರೆಗೆ ಇದೇ ವಾಸನೆ.

ಗಂಡ ಸತ್ತ ಮೇಲೆ ಅವಳು ದೂರದ ಊರಿನ ಹುಚ್ಚರ ದವಾಖಾನೆಯಲ್ಲಿ ನರ್ಸಾಗಿದ್ದಳು. ಆ ಕಾಲದಲ್ಲಿ ಅಂಥ ಕೆಲಸವೆಂದರೆ ಕೇಳಬೇಕೆ! "ಹುಚ್ಚರ ಕೂಡ ಇದ್ದು ಇದ್ದು ಈಕಿಗೂ ಹತ್ತೈತಿ" ಎಂದು ಓಣಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಈಗ ನನಗೆ ಸಂಕಟವಾಗುವುದು ಅದಕ್ಕೇ. ಸಾರಿಗೆ ಹುಳಿ ಸಾಕೇ ಎಂದು ಕೇಳಿದರೂ "ನನಗೇನ ತಿಳೀತೈತವಾ, ನೀವ ನೋಡ್ರಿ" ಎನ್ನುವಳು. ನಾನೂ ಅದೇ ಜಾತಿ ಬಿಡಿ. ಇವತ್ತಿಗೂ ಸೀರೆ ಆರಿಸಲು ಯಜಮಾನರ ಮುಖ ನೋಡುತ್ತೇನೆ, ಅವರಿಗೋ ಕೆಂಪು ಯಾವುದು, ಕಂದು ಯಾವುದು ಎಂದೇ ತಿಳಿಯದು.

ಹುನಗುಂದದ ಕಡೆಯ ನೀಲವ್ವ ಎಂಬ ಬಾಣಂತಿಯನ್ನು ಅಲ್ಲಿ ಸೇರಿಸಿದ್ದರಂತೆ. ಹೆತ್ತ ಕೂಸಿನ ಗುರುತೇ ಹತ್ತುತ್ತಿರಲಿಲ್ಲ. ಚಿಗವ್ವನ ಆರೈಕೆಯಲ್ಲಿ ಮೆಲ್ಲಗೆ ಸುಧಾರಿಸಿದಳು. ಇನ್ನೇನು ಮನೆಗೆ ಕಳಿಸಬೇಕು ಎನ್ನುವಾಗ ಒಂದು ಮಧ್ಯಾಹ್ನ ಅಡುಗೆಯವನ ಮೇಲೆ ಏರಿಹೋದಳು.

"ಇದು ರೊಟ್ಟಿಯೋ, ಹಂಚೋ? ನಿಮ್ಮವ್ವ ನಿನಗ ಹಿಂತಾದ್ದ ಹಾಕಿ ಬೆಳಸ್ಯಾಳೇನೋ?"

ರೊಟ್ಟಿ ಕೆಟ್ಟರೆ ನಮ್ಮ ಸೀಮೆಯ ಹೆಂಗಸು ಇನ್ನು ಹೇಗೆ ಮಾತಾಡಬೇಕು, ನೀವೇ ಹೇಳಿ! ಆದರೆ ಡಾಕ್ಟರು ಪುಣೆಯ ಕಡೆಯ ಮೆದುಮಾತಿನವರು. ಗದ್ದಲ ಕೇಳಿ ಓಡಿಬಂದರು. ಒಳ್ಳೆಯವರೇ ಪಾಪ. ಚಿಗವ್ವನನ್ನೇ ಕೇಳಿದರು: "ಹುಚ್ಚು ಮತ್ತೆ ಕೆರಳಿತೇನು, ನರ್ಸಬಾಯಿ? ಇನ್ನಷ್ಟು ದಿನ ಇಟ್ಟುಕೊಳ್ಳೋಣವೇ? ನಿಮಗೇನು ಅನ್ನಿಸುತ್ತದೆ?"

"ನೀವು ಹೇಳಿದ್ಹಂಗರಿ, ಸಾಹೇಬ್ರ."

"ಅಕ್ಕಾರ, ನನ್ನ ಕೂಸು ದಾರಿ ಕಾಯ್ತೈತ್ರಿ" ಎಂದು ನೀಲವ್ವ ಕೈ ಹಿಡಿದು ಅತ್ತಳಂತೆ. ಬಿಡುಗಡೆಯಾದದ್ದು ಮುಂದಿನ ಸುಗ್ಗಿಗೆ. ಚಿಗವ್ವನೇ ಊರಿಗೆ ಮುಟ್ಟಿಸಲು ಹೋದಳು. ಅಂಗಳದಲ್ಲಿ ಆಡುತ್ತಿದ್ದ ಮಗು ಹೆತ್ತವಳನ್ನು ಕಂಡು ಚೀರಿತು; ಅಷ್ಟರಲ್ಲಿ ಅಪ್ಪ ಕಟ್ಟಿಕೊಂಡಿದ್ದ ಇನ್ನೊಬ್ಬಳ ಸೆರಗು ಹಿಡಿದು "ಅವ್ವಾ" ಎಂದಿತು.

ಇದನ್ನೆಲ್ಲ ಚಿಗವ್ವ ನನಗೆ ಹೇಳಿದ್ದು ಹಾಸಿಗೆ ಹಿಡಿದ ಮೇಲೆ.

"ಆಕಿ ಬುದ್ಧಿ ನೆಟ್ಟಗೈತಿ ಅಂತ ನನಗ ಖಾತ್ರಿ ಇತ್ತವಾ. ನನ್ನ ಬುದ್ಧಿ ಮ್ಯಾಲನ ನನಗ ಖಾತ್ರಿ ಇರಲಿಲ್ಲ."

"ದೊಡ್ಡವರು ಮಾಡಿದ್ದು, ಅದರಾಗ ನಿಂದೇನೈತಿ?" ಎಂದೆ, ಸಮಾಧಾನಕ್ಕೆ. ಅವಳು ಗೋಡೆಯ ಕಡೆ ಹೊರಳಿದಳು. ಎಂಥ ಹೆಂಗಸು, ಎಂಥ ಕೊರಗು ಹೊತ್ತು ಹೋದಳಲ್ಲ!

ಇಷ್ಟರಲ್ಲಿ ಬಚ್ಚಲಿಂದ ಬಂದ ಸೊಸೆ ಮಗಳ ಶಾಲೆಯ ಮಾತೆತ್ತಿ, "ಅತ್ತಿ, ಈಕಿನ್ನ ಸಾಲಿ ಬಿಡಸೂಣು ಅಂತಾರ ಮಾವಾರು. ನೀವೇನಂತೀರಿ?" ಎಂದಳು.

"ಅವರು ಹೇಳಿದ್ಹಂಗ" ಎನ್ನಲು ಬಾಯಿ ತೆರೆದಿದ್ದೆ. ಯಜಮಾನರು ಅಲ್ಲೇ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕುತ್ತಿದ್ದರು.

"ಬಿಡಸಬ್ಯಾಡ" ಎಂದೆ.

ಯಜಮಾನರು ಕತ್ತೆತ್ತಿ ನೋಡಿದರು. ಇನ್ನೊಮ್ಮೆ ಹೇಳಿದೆ.